ದುಡ್ಡಿನ ಭಯ, ದುಡ್ಡಿನ ನಾಚಿಕೆ: ಇವುಗಳಿಂದ ಹೊರಬರುವುದು ಹೇಗೆ?

ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಫೋನ್ ಕೈಯಲ್ಲೇ ಇರುತ್ತದೆ. ಆದರೂ ತೆರೆದು ನೋಡಲು ಮನಸ್ಸಾಗುವುದಿಲ್ಲ. ಬೆರಳು ತಾನಾಗಿಯೇ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಆಮೇಲೆ ನೋಡಿದರಾಯ್ತು ಅಂದುಕೊಳ್ಳುತ್ತೇವೆ, ಅದು ಹಾಗೇ ಮರೆತುಹೋಗುತ್ತದೆ. ಇನ್ನು ಕೆಲವರದ್ದು ಇದಕ್ಕೆ ಪೂರ್ತಿ ಉಲ್ಟಾ. ದಿನಕ್ಕೆ ಹತ್ತು ಸಲ ಬ್ಯಾಲೆನ್ಸ್ ನೋಡುತ್ತಾರೆ. ಖಾತೆಯಲ್ಲಿ ಸಾಕಷ್ಟು ದುಡ್ಡಿದ್ದರೂ ಸಮಾಧಾನ ಇರುವುದಿಲ್ಲ. ಮತ್ತೆ ಕೆಲವರು ಬೇಜಾರಾದಾಗೆಲ್ಲ ಏನಾದರೂ ಕೊಳ್ಳುತ್ತಾರೆ. ಕೊಂಡ ಮೇಲೆ ಬೇಜಾರು ಇನ್ನೂ ಜಾಸ್ತಿಯಾಗುತ್ತದೆ.

ಈ ಮೂರೂ ಥರದವರಿಗೆ ಸಿಗುವ ಸಲಹೆ ಮಾತ್ರ ಒಂದೇ: ಬಜೆಟ್ ಹಾಕಿ, ಖರ್ಚು ಬರೆದಿಡಿ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಲೆಕ್ಕ ಅಂದ ತಕ್ಷಣ ಎದೆ ಡವಡವ ಅನ್ನುವವರು ಆ ಪುಸ್ತಕವನ್ನು ಎರಡನೇ ದಿನ ತೆರೆಯುವುದೇ ಇಲ್ಲ. ದುಡ್ಡನ್ನು ನಿಭಾಯಿಸುವುದಕ್ಕಿಂತ ಮುಂಚೆ ಅದನ್ನು ನೆಮ್ಮದಿಯಾಗಿ ನೋಡಲು ಬರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಹೆಜ್ಜೆಗಳೆಲ್ಲ ಆ ಕಡೆಗೇ ಹೋಗುತ್ತವೆ.

ಶುರು ಮಾಡುವ ಮುಂಚೆ ಒಂದು ಮಾತು. ಬರುವ ದುಡ್ಡೇ ಸಾಲುತ್ತಿಲ್ಲ ಅಂದರೆ, ಆಗ ಆಗುವ ಚಿಂತೆ ನಿಮ್ಮ ಮನಸ್ಸಿನ ದೋಷ ಅಲ್ಲವೇ ಅಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಯೋಚನಾಶಕ್ತಿ ಅಳೆಯುವ ಪರೀಕ್ಷೆಗಳನ್ನು ಎರಡು ಸಲ ಕೊಟ್ಟಿದ್ದರು. ಒಮ್ಮೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ. ಇನ್ನೊಮ್ಮೆ ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ. ಅದೇ ರೈತರು ಕಟಾವಿಗೆ ಮುಂಚೆ ಕಡಿಮೆ ಅಂಕ ಪಡೆದರು. ದುಡ್ಡಿನ ಚಿಂತೆ ತಲೆಯಲ್ಲಿ ಅಷ್ಟು ಜಾಗ ಹಿಡಿದುಬಿಡುತ್ತದೆ. ಹಾಗಾಗಿ ಕೈ ಬಿಗಿಯಾಗಿದ್ದಾಗ ತಪ್ಪು ನಿರ್ಧಾರ ಆದರೆ ನಿಮ್ಮನ್ನು ನೀವೇ ದಡ್ಡರೆಂದು ಬೈದುಕೊಳ್ಳಬೇಡಿ. ಈ ಹೆಜ್ಜೆಗಳು ಆದಾಯವನ್ನು ಹೆಚ್ಚಿಸುವುದಿಲ್ಲ. ಇರುವುದರ ಜೊತೆ ಬದುಕುವಾಗ ಆಗುವ ಸಂಕಟವನ್ನು ಕಡಿಮೆ ಮಾಡಬಲ್ಲವು.

ಹೆಜ್ಜೆ 1: ಒಂದು ವಾರ ಸುಮ್ನೆ ಗಮನಿಸಿ

ಈ ವಾರ ಏನನ್ನೂ ಬದಲಾಯಿಸಬೇಡಿ. ದುಡ್ಡಿನ ವಿಷಯ ಬಂದಾಗೆಲ್ಲ ಮೂರು ಸಂಗತಿ ಬರೆದುಕೊಳ್ಳಿ: ಏನಾಯ್ತು, ಮೈಯಲ್ಲಿ ಏನನ್ನಿಸಿತು, ನಾನೇನು ಮಾಡಿದೆ. ಮೊತ್ತ ಬರೆಯುವುದು ಬೇಡ. ಹೀಗಿದ್ದರೆ ಸಾಕು:

"ಮಂಗಳವಾರ ರಾತ್ರಿ. ಬಾಡಿಗೆ ಕಟ್ಟಬೇಕು ಅಂತ ನೆನಪಾಯ್ತು. ಹೊಟ್ಟೆಯಲ್ಲಿ ಸಂಕಟ. ಒಂದು ಗಂಟೆ ಸುಮ್ಮನೆ ವಿಡಿಯೋ ನೋಡುತ್ತಾ ಕೂತೆ."

"ಗುರುವಾರ. ಗೆಳತಿಯ ಹೊಸ ಮನೆಯ ಫೋಟೋ ನೋಡಿದೆ. ಗಂಟಲು ಬಿಗಿಯಿತು. ಸಂಜೆ ಬೇಡದ ಚಪ್ಪಲಿ ಆರ್ಡರ್ ಮಾಡಿದೆ."

ಬರೆಯುವಾಗ 'ಟೆನ್ಷನ್' ಅಂತ ಬರೆದು ಮುಗಿಸಬೇಡಿ. ಆದದ್ದು ಭಯವೋ, ನಾಚಿಕೆಯೋ, ಹೊಟ್ಟೆಕಿಚ್ಚೋ, ಸಿಟ್ಟೋ ನೋಡಿ. ಭಯವಾದರೆ ಲೆಕ್ಕ ತೆರೆದು ನೋಡುವುದರಿಂದ ಇಳಿಯಬಹುದು. ನಾಚಿಕೆ ಹಾಗಲ್ಲ. ಅದು ನಂಬಿಕಸ್ಥರೊಬ್ಬರ ಹತ್ತಿರ ಹೇಳಿಕೊಂಡರೆ ಮಾತ್ರ ಕರಗುತ್ತದೆ. ಹೆಸರಿಡುವುದರಲ್ಲೂ ಒಂದು ಶಕ್ತಿ ಇದೆ. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆ ಯಾವುದು ಅಂತ ಕೇಳಿದರು. ಹೆಸರು ಹೇಳುವಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತು.

ವಾರದ ಕೊನೆಗೆ ಬರೆದದ್ದನ್ನು ಒಮ್ಮೆ ಓದಿ. ಹೆಚ್ಚಿನವರಿಗೆ ಒಂದೇ ಥರದ ಘಟನೆ ಮತ್ತೆ ಮತ್ತೆ ಕಾಣುತ್ತದೆ. ನೀವು ಮುಖ್ಯವಾಗಿ ಕೆಲಸ ಮಾಡಬೇಕಾದ ಜಾಗ ಅದೇ.

ಹೆಜ್ಜೆ 2: ಹಳೆಯ ಮಾತುಗಳನ್ನು ಹುಡುಕಿ

ಚಿಕ್ಕವರಿದ್ದಾಗ ಮನೆಯಲ್ಲಿ ದುಡ್ಡಿನ ಬಗ್ಗೆ ಕೇಳಿದ ಮಾತುಗಳನ್ನು ನೆನಪು ಮಾಡಿಕೊಳ್ಳಿ. "ದುಡ್ಡೇನು ಗಿಡದಲ್ಲಿ ಬಿಡುತ್ತಾ?" "ದುಡ್ಡೇ ದೊಡ್ಡಪ್ಪ." "ದುಡ್ಡಿದ್ದವರು ಯಾರಾದರೂ ನೆಟ್ಟಗಿದ್ದಾರಾ?" "ಅದೆಲ್ಲ ನಮ್ಮಂಥವರಿಗಲ್ಲ." ಕೆಲವು ಮನೆಗಳಲ್ಲಿ ಮಾತೇ ಇರುವುದಿಲ್ಲ. ದೊಡ್ಡವರು ಒಳಕೋಣೆಯಲ್ಲಿ ಪಿಸುಗುಟ್ಟುತ್ತಾರೆ, ಮಕ್ಕಳು ಬಂದರೆ ಸುಮ್ಮನಾಗುತ್ತಾರೆ. ದುಡ್ಡು ಅಂದರೆ ಏನೋ ಕೆಟ್ಟ ಗುಟ್ಟು ಅಂತ ಮಗು ಅಲ್ಲೇ ಕಲಿತುಬಿಡುತ್ತದೆ.

ಬ್ರ್ಯಾಡ್ ಕ್ಲಾಂಟ್ಜ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 2011ರಲ್ಲಿ ಇಂಥ ನಂಬಿಕೆಗಳನ್ನು ನಾಲ್ಕು ಗುಂಪು ಮಾಡಿದರು. ದುಡ್ಡು ಕೆಟ್ಟದ್ದು, ನನಗೆ ಅದರ ಯೋಗ್ಯತೆ ಇಲ್ಲ ಅನ್ನುವುದು ಒಂದು. ಇನ್ನಷ್ಟು ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಇನ್ನೊಂದು. ನನ್ನ ಹತ್ತಿರ ಎಷ್ಟಿದೆಯೋ ಅಷ್ಟೇ ನನ್ನ ಬೆಲೆ ಅನ್ನುವುದು ಮೂರನೆಯದು. ಯಾವಾಗಲೂ ಎಚ್ಚರವಾಗಿರಬೇಕು, ಕೂಡಿಡಬೇಕು, ಯಾರಿಗೂ ಹೇಳಬಾರದು ಅನ್ನುವುದು ನಾಲ್ಕನೆಯದು. ಓದುವಾಗಲೇ ನಿಮ್ಮದು ಯಾವುದು ಅಂತ ಹೊಳೆದಿರಬಹುದು. ಒಬ್ಬರಲ್ಲೇ ಎರಡು ಇರುವುದೂ ಉಂಟು.

ನಿಮ್ಮನ್ನು ಹೆಚ್ಚು ಹಿಡಿದಿಟ್ಟಿರುವ ಒಂದು ಮಾತನ್ನು ಆರಿಸಿ. ಅದನ್ನು ಯಾರು ಹೇಳಿದರು? ಆಗ ಅವರ ಪರಿಸ್ಥಿತಿ ಹೇಗಿತ್ತು? ಅವರ ಮಟ್ಟಿಗೆ ಆ ಮಾತು ನಿಜವೇ ಇದ್ದಿರಬಹುದು. ಕಷ್ಟ ಕಂಡವರು ಮಕ್ಕಳನ್ನು ಕಾಪಾಡಲೆಂದೇ ಅಂಥ ಮಾತು ಹೇಳಿರುತ್ತಾರೆ, ಅವರ ಮೇಲೆ ಸಿಟ್ಟು ಬೇಡ. ಈಗ ನಿಮ್ಮ ಮಟ್ಟಿಗೆ ಎಷ್ಟು ನಿಜ ಅಂತ ಮಾತ್ರ ಕೇಳಿಕೊಳ್ಳಿ. ಆಮೇಲೆ ಅದರ ಜಾಗದಲ್ಲಿ ನಂಬಲು ಆಗುವಂಥ ಒಂದು ಮಾತು ಬರೆಯಿರಿ. "ನಾನು ಶ್ರೀಮಂತನಾಗುತ್ತೇನೆ" ಅಂತ ದಿನಾ ಹೇಳಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ, ಮನಸ್ಸು ಅದನ್ನು ಒಪ್ಪುವುದಿಲ್ಲ. "ನನ್ನ ಲೆಕ್ಕ ನಾನು ನೋಡಬಲ್ಲೆ", "ಗೊತ್ತಿಲ್ಲದ್ದನ್ನು ಕೇಳಿ ತಿಳಿಯಬಲ್ಲೆ" ಇಷ್ಟು ಸಾಕು.

ಹೆಜ್ಜೆ 3: ನೋಡುವ ಅಭ್ಯಾಸ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇದೊಂದನ್ನೇ ಮಾಡಿದರೂ ಸಾಕಷ್ಟು ಬದಲಾಗುತ್ತದೆ.

ಕೆಟ್ಟ ಸುದ್ದಿ ಇರಬಹುದು ಅನ್ನಿಸಿದಾಗ ಮುಖ ತಿರುಗಿಸುವುದು ಮನುಷ್ಯರ ಸಹಜ ಗುಣ. ಕಾರ್ಲ್ಸನ್, ಲೋವೆನ್‌ಸ್ಟೈನ್, ಸೆಪ್ಪಿ ಎಂಬ ಮೂವರು ಸಂಶೋಧಕರು 2009ರಲ್ಲಿ ಇದನ್ನು ಹೂಡಿಕೆದಾರರಲ್ಲಿ ತೋರಿಸಿದರು. ಮಾರುಕಟ್ಟೆ ಏರುತ್ತಿದ್ದಾಗ ಜನ ತಮ್ಮ ಖಾತೆಯನ್ನು ಹೆಚ್ಚು ಸಲ ನೋಡುತ್ತಾರೆ, ಇಳಿದಾಗ ಕಡಿಮೆ. ದುಡ್ಡು, ಲೆಕ್ಕ ಗೊತ್ತಿರುವವರೇ ಹೀಗೆ ಮಾಡುತ್ತಾರೆ ಅಂದಮೇಲೆ ನೀವು ಬಿಲ್ ತೆರೆಯದೆ ಇಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ವಾರಕ್ಕೊಂದು ದಿನ, ಒಂದು ಸಮಯ ಗೊತ್ತು ಮಾಡಿ. ಇಪ್ಪತ್ತು ನಿಮಿಷ ಸಾಕು. ಮಲಗುವ ಹೊತ್ತು ಬೇಡ, ಹಸಿದಾಗ ಬೇಡ, ಜಗಳವಾದ ತಕ್ಷಣವಂತೂ ಬೇಡವೇ ಬೇಡ. ಹಾಸಿಗೆಯಲ್ಲಿ ಬಿದ್ದುಕೊಂಡು ನೋಡಬೇಡಿ. ಮೇಜಿನ ಮುಂದೆ ಕೂತು ನೋಡಿ. ಪಕ್ಕದಲ್ಲಿ ಒಂದು ಕಾಗದ, ಪೆನ್ನು ಇರಲಿ.

ಮೊದಲ ವಾರ ಖಾತೆ ತೆರೆಯುವ ಮುಂಚೆ, ಅದರಲ್ಲಿ ಎಷ್ಟಿರಬಹುದು ಅಂತ ಅಂದಾಜು ಬರೆಯಿರಿ. ಕಾರ್ಡ್ ಬಿಲ್ ಎಷ್ಟಿರಬಹುದು ಅಂತಲೂ ಬರೆಯಿರಿ. ಆಮೇಲೆ ತೆರೆದು, ನಿಜವಾದ ಮೊತ್ತವನ್ನು ಬಾಯಿಬಿಟ್ಟು ಓದಿ, ಅಂದಾಜಿನ ಪಕ್ಕ ಬರೆದು ಮುಚ್ಚಿಬಿಡಿ. ಅಷ್ಟೇ ಕೆಲಸ. ಕೆಲವರಿಗೆ ಅಂದುಕೊಂಡಷ್ಟು ಕೆಟ್ಟದಾಗಿಲ್ಲ ಅಂತ ಗೊತ್ತಾಗುತ್ತದೆ. ಕೆಲವರಿಗೆ ಇನ್ನೂ ಕೆಟ್ಟದಾಗಿದೆ ಅಂತ ಗೊತ್ತಾಗಬಹುದು. ಆದರೂ ಎಷ್ಟು ಅಂತ ಗೊತ್ತಾಯಿತಲ್ಲ. ಕತ್ತಲಲ್ಲಿದ್ದಾಗ ಸಾಲಕ್ಕೆ ಅಳತೆಯೇ ಇರುವುದಿಲ್ಲ. ಕಾಗದದ ಮೇಲೆ ಬಂದ ಮೇಲೆ ಅದಕ್ಕೊಂದು ಮೊತ್ತ, ಒಂದು ಬಡ್ಡಿ ದರ, ಒಂದು ಕೊನೆ ದಿನಾಂಕ ಸಿಗುತ್ತದೆ.

ಎರಡನೇ ವಾರ, ಕೊನೆಯ ಹತ್ತು ವಹಿವಾಟು ಓದಿ. ಮೂರನೇ ವಾರ, ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಕಂತು ಯಾವತ್ತು ಅಂತ ಪಟ್ಟಿ ಮಾಡಿ. ಸ್ನೇಹಿತರ ಹತ್ತಿರ ತಗೊಂಡ ಕೈಗಡವೂ ಆ ಪಟ್ಟಿಯಲ್ಲಿರಲಿ, ಮನಸ್ಸಿಗೆ ಜಾಸ್ತಿ ಚುಚ್ಚುವುದು ಬಹಳ ಸಲ ಅದೇ. ನಾಲ್ಕನೇ ವಾರ, ತಿಂಗಳಿಗೆ ಬರುವುದೆಷ್ಟು, ತಪ್ಪದೆ ಹೋಗುವುದೆಷ್ಟು ಅಂತ ಎರಡು ಸಾಲು ಬರೆಯಿರಿ.

ಈ ನಾಲ್ಕು ವಾರ ಕೂತಲ್ಲೇ ಯಾವ ದೊಡ್ಡ ನಿರ್ಧಾರವನ್ನೂ ಮಾಡಬೇಡಿ. ಕಂತಿನ ದಿನ ಬಂದಿದ್ದರೆ ಕಟ್ಟಿ, ಅದನ್ನು ಮುಂದೂಡಬೇಡಿ. ಆದರೆ "ನಾಳೆಯಿಂದ ಎಲ್ಲ ಖರ್ಚು ಬಂದ್" ಅನ್ನುವಂಥ ಪ್ರತಿಜ್ಞೆ ಬೇಡ. ಲೆಕ್ಕ ನೋಡಿದಾಗಲೆಲ್ಲ ನಿಮ್ಮನ್ನು ನೀವು ಶಿಕ್ಷಿಸಿಕೊಂಡರೆ, ಮುಂದಿನ ವಾರ ಮನಸ್ಸು ಆ ಕಡೆ ತಲೆ ಹಾಕುವುದಿಲ್ಲ. ನೋಡಿ ಮುಗಿದ ಮೇಲೆ ನಿಮಗೆ ಇಷ್ಟವಾದದ್ದೇನಾದರೂ ಮಾಡಿ. ಒಂದು ಹಾಡು ಕೇಳಿ, ಸ್ವಲ್ಪ ನಡೆದು ಬನ್ನಿ.

ದಿನಕ್ಕೆ ಹತ್ತು ಸಲ ನೋಡುವವರಿಗೂ ಇದೇ ವಾರದ ಬೈಠಕ್ ಮದ್ದು. ನಡುವೆ ನೋಡಬೇಕು ಅನ್ನಿಸಿದಾಗ ಕಾಗದ ನೋಡಿ, ಮೊತ್ತ ಅಲ್ಲಿದೆ. ಮೋಸದ ವಹಿವಾಟು ನಡೆದೀತು ಅನ್ನುವ ಭಯವಿದ್ದರೆ ಬ್ಯಾಂಕಿನ ಮೆಸೇಜ್ ಬರುವ ಹಾಗೆ ಇಟ್ಟುಕೊಳ್ಳಿ, ಅದು ಸಾಕು.

ಷೇರು, ಮ್ಯೂಚುವಲ್ ಫಂಡ್‌ನಂಥ ದೀರ್ಘಕಾಲದ ಹೂಡಿಕೆಗೆ ಮಾತ್ರ ನಿಯಮ ಬೇರೆ. ಅದನ್ನು ಎಷ್ಟು ಕಡಿಮೆ ನೋಡುತ್ತೀರೋ ಅಷ್ಟು ಒಳ್ಳೆಯದು. ಕಾರಣ ಹೀಗಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್‌ಸ್ಕಿ 1979ರಲ್ಲಿ ತೋರಿಸಿದ ಹಾಗೆ, ಬಂದ ಲಾಭ ಕೊಡುವ ಖುಷಿಗಿಂತ ಅಷ್ಟೇ ಮೊತ್ತದ ನಷ್ಟ ಕೊಡುವ ನೋವು ಹೆಚ್ಚು. 1992ರ ಅವರ ಇನ್ನೊಂದು ಲೇಖನದಲ್ಲಿ ಆ ನೋವು ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಅಂತ ಅಂದಾಜು ಸಿಕ್ಕಿತು. ಮಾರುಕಟ್ಟೆ ದಿನದ ಲೆಕ್ಕದಲ್ಲಿ ಏರುವುದೂ ಇಳಿಯುವುದೂ ಇದ್ದದ್ದೇ. ದಿನಾ ನೋಡುವವರಿಗೆ ಇಳಿದ ದಿನಗಳ ನೋವೇ ಮನಸ್ಸಿನಲ್ಲಿ ಉಳಿಯುತ್ತದೆ, ಕೊನೆಗೆ ಹೆದರಿ ಮಾರಿಬಿಡುತ್ತಾರೆ. ಹತ್ತು ವರ್ಷಕ್ಕೆಂದು ಇಟ್ಟ ದುಡ್ಡನ್ನು ವರ್ಷಕ್ಕೆ ಒಂದೆರಡು ಸಲ ನೋಡಿದರೆ ಸಾಕು.

ತಿಂಗಳಾದ ಮೇಲೆ ನಿರ್ಧಾರ ಮಾಡುವ ಹೊತ್ತು ಬರುತ್ತದೆ. ಆಗಲೂ ಮನಸ್ಸಿಗೆ ಕಡಿಮೆ ನೋವಾಗುವ ದಾರಿ ಹಿಡಿಯಿರಿ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಒಂದು ಕಂಪನಿಯ ನೌಕರರ ಮುಂದೆ ಈ ಯೋಜನೆ ಇಟ್ಟರು: ಈಗ ಉಳಿತಾಯ ಹೆಚ್ಚಿಸಬೇಡಿ, ಮುಂದೆ ಸಂಬಳ ಹೆಚ್ಚಾದಾಗ ಹೆಚ್ಚಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಅಂತ ಈಗಲೇ ಒಪ್ಪಿಕೊಳ್ಳಿ. 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಕೈಗೆ ಬಂದದ್ದು ಯಾವತ್ತೂ ಕಡಿಮೆಯಾಗಲಿಲ್ಲ, ಹಾಗಾಗಿ ಕಳೆದುಕೊಂಡೆವು ಅಂತ ಅನ್ನಿಸಲಿಲ್ಲ. ನೀವೂ ಸಂಬಳ ಬಂದ ದಿನವೇ ಒಂದು ಚಿಕ್ಕ ಮೊತ್ತ ತಾನಾಗಿಯೇ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿ. ಪ್ರತಿ ತಿಂಗಳೂ ಮನಸ್ಸಿನ ಜೊತೆ ಗುದ್ದಾಡುವುದು ತಪ್ಪುತ್ತದೆ.

ಹೆಜ್ಜೆ 4: ಕೊಳ್ಳುವ ಮುಂಚೆ ಒಂದು ತಡೆ

ಬೇಜಾರಿಗೂ ಖರ್ಚಿಗೂ ನೇರ ನಂಟಿದೆ. ಮನಶ್ಶಾಸ್ತ್ರಜ್ಞೆ ಜೆನಿಫರ್ ಲರ್ನರ್ ಮತ್ತು ಜೊತೆಗಾರರ 2004ರ ಪ್ರಯೋಗದಲ್ಲಿ, ದುಃಖದ ಸಿನಿಮಾ ತುಣುಕು ನೋಡಿದವರು ಒಂದು ಸಾಮಾನ್ಯ ವಸ್ತುವಿಗೆ ಉಳಿದವರಿಗಿಂತ ಜಾಸ್ತಿ ಬೆಲೆ ಕೊಡಲು ತಯಾರಾದರು. ದುಡ್ಡು ಕಣ್ಣಿಗೆ ಕಾಣದೆ ಹೋದಾಗಲೂ ಕೈ ಸಡಿಲವಾಗುತ್ತದೆ. 2001ರ ಇನ್ನೊಂದು ಪ್ರಯೋಗದಲ್ಲಿ ಆಟದ ಟಿಕೆಟ್ ಹರಾಜಿಗಿಟ್ಟಾಗ, ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡುವವರು ನಗದು ಕೊಡುವವರಿಗಿಂತ ತುಂಬಾ ಜಾಸ್ತಿ ಕೂಗಿದರು.

ಮನಸ್ಸನ್ನು ಬಿಗಿ ಹಿಡಿಯುವುದಕ್ಕಿಂತ ದಾರಿಯಲ್ಲಿ ಒಂದು ಅಡ್ಡಿ ಇಡುವುದು ಸುಲಭ. ಶಾಪಿಂಗ್ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರ ತೆಗೆದುಹಾಕಿ. ಆಫರ್ ನೋಟಿಫಿಕೇಷನ್ ಬಂದ್ ಮಾಡಿ. ಮೊದಲ ಹೆಜ್ಜೆಯಲ್ಲಿ ನಿಮ್ಮ ಸೋಲುವ ಹೊತ್ತು ಯಾವುದು ಅಂತ ಗೊತ್ತಾಗಿದೆಯಲ್ಲ, ಅದಕ್ಕೆ ಒಂದು ಸ್ಪಷ್ಟ ವಾಕ್ಯ ಬರೆಯಿರಿ: "ರಾತ್ರಿ ಹತ್ತರ ಮೇಲೆ ಏನಾದರೂ ಕೊಳ್ಳಬೇಕು ಅನ್ನಿಸಿದರೆ, ಪಟ್ಟಿಯಲ್ಲಿ ಬರೆದು ಮಲಗುತ್ತೇನೆ." ಹೀಗೆ 'ಇದಾದರೆ ಅದು' ಅಂತ ಮೊದಲೇ ನಿಶ್ಚಯಿಸುವುದು ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ ಅಧ್ಯಯನಗಳು ತೋರಿಸಿವೆ. ಪಟ್ಟಿಯನ್ನು ವಾರದ ಬೈಠಕ್‌ನಲ್ಲಿ ತೆರೆಯಿರಿ. ಆಗಲೂ ಬೇಕು ಅನ್ನಿಸಿದ್ದನ್ನು, ದುಡ್ಡಿದ್ದರೆ, ಖುಷಿಯಿಂದ ಕೊಳ್ಳಿ.

ಕೊಳ್ಳಲು ಆಗದೆ ಒದ್ದಾಡುವವರೂ ಇದ್ದಾರೆ, ಅವರನ್ನು ಯಾರೂ ಗಮನಿಸುವುದಿಲ್ಲ. ಹರಿದ ಬ್ಯಾಗ್ ಬದಲಾಯಿಸಲು ದುಡ್ಡಿದೆ, ಆದರೆ ಕೈ ಬರುವುದಿಲ್ಲ. ಕೊಂಡರೆ ವಾರವಿಡೀ ತಪ್ಪು ಮಾಡಿದ ಹಾಗೆ ಕೊರಗು. ಇದನ್ನು ಜಿಪುಣತನ ಅಂದುಬಿಡುವುದು ಅನ್ಯಾಯ. ಇವರಿಗೆ ದುಡ್ಡು ಕೊಡುವಾಗ ನಿಜಕ್ಕೂ ನೋವಾಗುತ್ತದೆ. ಇಂಥವರು ತಿಂಗಳಿಗೊಂದು ಚಿಕ್ಕ ಮೊತ್ತವನ್ನು 'ನನಗೆ' ಅಂತ ಬೇರೆ ಇಡಲಿ. ಅದು ತಿಂಗಳೊಳಗೆ ಖರ್ಚಾಗಲೇಬೇಕು, ಉಳಿತಾಯಕ್ಕೆ ವಾಪಸ್ ಹೋಗಕೂಡದು. ಮೊದಮೊದಲು ಕಷ್ಟವಾಗುತ್ತದೆ. ಚಿಕ್ಕ ಮೊತ್ತದಿಂದಲೇ ಶುರು ಮಾಡಿ.

ಹೆಜ್ಜೆ 5: ಹೋಲಿಕೆಯ ಬಾಗಿಲು ಸ್ವಲ್ಪ ಮುಚ್ಚಿ

ಇದರಲ್ಲಿ ಹೇಳುವುದು ಕಡಿಮೆ. ಬೇರೆಯವರ ಖರ್ಚು ನಮಗೆ ಕಾಣುತ್ತದೆ, ಅವರ ಸಾಲ ಕಾಣುವುದಿಲ್ಲ. ನೋಡಿದಾಗೆಲ್ಲ ಮನಸ್ಸು ಕುಗ್ಗಿಸುವ ಸೋಷಿಯಲ್ ಮೀಡಿಯಾ ಖಾತೆಗಳನ್ನು ಮ್ಯೂಟ್ ಮಾಡಿ. ಅವರು ಹತ್ತಿರದವರೇ ಆದರೂ ಪರವಾಗಿಲ್ಲ, ಅವರಿಗೆ ಗೊತ್ತಾಗುವುದಿಲ್ಲ.

ಹೆಜ್ಜೆ 6: ಮನೆಯವರ ಜೊತೆ ಮಾತಾಡಿ

ದುಡ್ಡಿನ ಜಗಳ ಶುರುವಾಗುವುದು ಹೆಚ್ಚಾಗಿ ಬಿಲ್ ಬಂದ ಗಳಿಗೆಯಲ್ಲಿ. "ಮತ್ತೆ ಇಷ್ಟೊಂದು ಖರ್ಚು ಮಾಡಿದ್ದೀಯಾ?" ಅಂದ ಕೂಡಲೇ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಅಲ್ಲಿಂದ ಮುಂದೆ ದುಡ್ಡಿನ ಮಾತು ಬದಿಗೆ ಸರಿದು ಹಳೆಯ ಕತೆಗಳೆಲ್ಲ ಎದ್ದು ಬರುತ್ತವೆ.

ನಿಮ್ಮ ಭಾವನೆಯಿಂದ ಮಾತು ಶುರು ಮಾಡಿ, ಜೊತೆಗೆ ಒಂದು ಸಮಯ ಕೇಳಿ:

"ಕಾರ್ಡ್ ಬಿಲ್ ನೋಡಿದೆ ಕಣೇ. ನಂಗೆ ಸ್ವಲ್ಪ ಭಯ ಆಯ್ತು. ಭಾನುವಾರ ಅರ್ಧ ಗಂಟೆ ಇಬ್ರೂ ಕೂತು ನೋಡೋಣ್ವಾ?"

"ಬೈಯಲ್ಲ ತಾನೇ?"

"ಇಲ್ಲ. ಅದರಲ್ಲಿ ನಂದೂ ಇದೆ ಅಲ್ವಾ?"

ಕೂತಾಗ ಮೊದಲ ಹತ್ತು ನಿಮಿಷ ಲೆಕ್ಕ ತೆರೆಯಬೇಡಿ. "ನೀನು ಚಿಕ್ಕವಳಿದ್ದಾಗ ನಿಮ್ಮನೇಲಿ ದುಡ್ಡು ಮುಗಿದರೆ ಏನಾಗ್ತಿತ್ತು?" ಅಂತ ಕೇಳಿ, ನೀವೂ ನಿಮ್ಮದು ಹೇಳಿ. ಬಹಳ ವರ್ಷ ಜೊತೆಗಿದ್ದವರಿಗೂ ಇದರ ಉತ್ತರ ಗೊತ್ತಿರುವುದಿಲ್ಲ. ಒಬ್ಬರು ಕೂಡಿಡುವುದು, ಇನ್ನೊಬ್ಬರು ಕೊಟ್ಟುಬಿಡುವುದು ಎರಡೂ ಒಂದೇ ಭಯದಿಂದ ಹುಟ್ಟಿರಬಹುದು. ಅದು ಗೊತ್ತಾದ ಮೇಲೆ ಬಿಲ್ಲಿನ ಮಾತು ಮೆತ್ತಗಾಗುತ್ತದೆ. ಇಬ್ಬರಿಗೂ ಲೆಕ್ಕ ಕೇಳದೆ ಖರ್ಚು ಮಾಡಲು ತಮ್ಮದೇ ಒಂದು ಪಾಲು ಇರಲಿ. ಎಷ್ಟು ಮೊತ್ತ ದಾಟಿದರೆ ಕೇಳಿ ಖರ್ಚು ಮಾಡಬೇಕು ಅನ್ನುವುದನ್ನೂ ಇಬ್ಬರೂ ಸೇರಿ ಗೊತ್ತು ಮಾಡಿ.

ಹೆಜ್ಜೆ 7: ಕೊಡುವುದು, ಇಲ್ಲ ಅನ್ನುವುದು

ಕೊಡುವುದರಲ್ಲಿ ಖುಷಿಯಿದೆ. 2008ರಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಜೊತೆಗಾರರು ಜನರಿಗೆ ಸ್ವಲ್ಪ ದುಡ್ಡು ಕೊಟ್ಟು, ಕೆಲವರಿಗೆ ತಮಗಾಗಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಲು ಹೇಳಿದರು. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಆದರೆ ಇಲ್ಲ ಅನ್ನಲಾಗದೆ ಕೊಡುವುದೇ ಬೇರೆ. ಕೊಟ್ಟ ಮೇಲೆ ಆ ಮನುಷ್ಯನ ಮುಖ ನೋಡಿದರೆ ಸಿಟ್ಟು ಬರುತ್ತದೆ, ಕೇಳಲೂ ಆಗುವುದಿಲ್ಲ.

ಸಾಲ ಕೇಳಿದವರಿಗೆ ಅಲ್ಲೇ ಉತ್ತರ ಕೊಡಬೇಡಿ. "ನಾಳೆ ಹೇಳ್ತೀನಿ" ಅನ್ನಿ. ಈ ದುಡ್ಡು ವಾಪಸ್ ಬರದಿದ್ದರೂ ನಮ್ಮ ಸಂಬಂಧ ಹಾಗೇ ಉಳಿಯುತ್ತದಾ ಅಂತ ರಾತ್ರಿ ಯೋಚಿಸಿ. ಉಳಿಯುತ್ತದೆ ಅನ್ನಿಸಿದಷ್ಟು ಮೊತ್ತ ಮಾತ್ರ ಕೊಡಿ. ಇಲ್ಲ ಅನ್ನಬೇಕಾದರೆ ಸುಳ್ಳು ಕಾರಣ ಹುಡುಕಬೇಡಿ. "ಈಗ ನನ್ನ ಕೈಲಿ ಆಗಲ್ಲ ಕಣೋ. ಬೇರೆ ಏನಾದ್ರೂ ಸಹಾಯ ಬೇಕಿದ್ರೆ ಹೇಳು, ಬರ್ತೀನಿ." ಇಷ್ಟು ಹೇಳಿ ಸುಮ್ಮನಾಗಿ. ಜಾಸ್ತಿ ವಿವರಿಸಿದಷ್ಟೂ ಇಬ್ಬರಿಗೂ ಮುಜುಗರ.

ಹೆಜ್ಜೆ 8: ಒಬ್ಬರಿಂದಲೇ ಆಗದಿದ್ದಾಗ

ಸಾಲದ ಚಿಂತೆಯಿಂದ ವಾರಗಟ್ಟಲೆ ನಿದ್ದೆ ಬರುತ್ತಿಲ್ಲ. ಮನೆಯವರಿಗೆ ಗೊತ್ತಿಲ್ಲದ ಸಾಲ ಬೆಳೆಯುತ್ತಿದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಿದ್ದೀರಿ. ಜೂಜು, ಆನ್‌ಲೈನ್ ಬೆಟ್ಟಿಂಗ್ ಅಥವಾ ಶಾಪಿಂಗ್ ಬಿಡಬೇಕೆಂದರೂ ಬಿಡಲಾಗುತ್ತಿಲ್ಲ. ಇದರಲ್ಲಿ ಯಾವುದಿದ್ದರೂ ಮೇಲಿನ ಹೆಜ್ಜೆಗಳಷ್ಟೇ ಸಾಲವು. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ, ಅದಕ್ಕೆ ಚಿಕಿತ್ಸೆ ಇದೆ.

ಮೊದಲು ಒಬ್ಬರಿಗೆ ಹೇಳಿ. ಬೈಯುವ ಮುಂಚೆ ಪೂರ್ತಿ ಕೇಳಿಸಿಕೊಳ್ಳುವವರನ್ನು ಆರಿಸಿ. ಬಾಯಿಂದ ಹೇಳಲು ಆಗದಿದ್ದರೆ ಮೂರನೇ ವಾರ ಮಾಡಿದ ಸಾಲದ ಪಟ್ಟಿಯನ್ನು ಅವರ ಕೈಗೆ ಕೊಡಿ. ಆಮೇಲೆ ಸಾಲ ಕೊಟ್ಟ ಬ್ಯಾಂಕಿಗೆ, ಕಂತು ತಪ್ಪುವ ಮುಂಚೆಯೇ ಹೋಗಿ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಲು ಆಗುತ್ತದಾ ಅಂತ ಕೇಳಿ. ತಪ್ಪಿದ ಮೇಲೆ ಹೋಗುವುದಕ್ಕಿಂತ ಮುಂಚೆ ಹೋದವರ ಮಾತಿಗೆ ಬೆಲೆ ಜಾಸ್ತಿ. ಮನಸ್ಸಿನ ಭಾರಕ್ಕೆ ಆಪ್ತಸಮಾಲೋಚಕರು ಅಥವಾ ಮನೋವೈದ್ಯರನ್ನು ಕಾಣಿ. ಹೋಗುವಾಗ ಮೊದಲ ಹೆಜ್ಜೆಯಲ್ಲಿ ಬರೆದ ಟಿಪ್ಪಣಿ ಜೊತೆಗಿರಲಿ, ಎಲ್ಲಿಂದ ಮಾತು ಶುರು ಮಾಡುವುದು ಅನ್ನುವ ಕಷ್ಟ ತಪ್ಪುತ್ತದೆ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಮುಂದಿನ ವಾರದವರೆಗೆ ಕಾಯಬೇಡಿ. ಇವತ್ತೇ ಯಾರನ್ನಾದರೂ ಪಕ್ಕಕ್ಕೆ ಕರೆಸಿಕೊಳ್ಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.